ಮೇಸ್ತ್ರಿ ಬಾಯಿ ಮುಚ್ಚಿದ ತಿಂಗಳು

ಆ ಗಾಜಿನ ಕಾರ್ಖಾನೆಯಲ್ಲಿ ಮೇಸ್ತ್ರಿಗೆ ಎರಡು ಹೆಸರಿದ್ದವು. ಎದುರಿಗೆ ಸಿಕ್ಕಾಗ ಮೇಸ್ತ್ರಿ, ಬೆನ್ನು ತಿರುಗಿಸಿದರೆ ಕುಲುಮೆಬಾಯಿ. ಗಾಜು ಕರಗಿಸುವ ಕುಲುಮೆಯ ಬಾಯಿಗೂ ಇವನ ಬಾಯಿಗೂ ಶಾಖದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ಕೆಲಸಗಾರರ ಒಮ್ಮತದ ತೀರ್ಮಾನ. ಈ ಹೆಸರು ತನ್ನ ಕಿವಿಗೂ ಬಿದ್ದಿದೆ ಎಂಬುದನ್ನು ಅವನು ಯಾರಿಗೂ ತೋರಿಸಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಹೆಸರಿನ ಮೇಲೆ ಅವನಿಗೆ ಒಳಗೊಳಗೇ ಅಭಿಮಾನವಿತ್ತು. ಊದುವ ಕೊಳವೆ, ಇಕ್ಕಳ, ಕತ್ತರಿಗಳ ಹಾಗೆ ಬೈಗುಳವನ್ನೂ ಅವನು ಕಸುಬಿನ ಒಂದು ಸಲಕರಣೆ ಎಂದೇ ತಿಳಿದಿದ್ದ.

ಕಾರ್ಖಾನೆ ದೊಡ್ಡದೇನೂ ಅಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ನಡುವೆ ಕುಲುಮೆ, ಅದರ ಸುತ್ತ ಎಂಟು ಬೆಂಚು. ಪ್ರಯೋಗಶಾಲೆಗಳಿಗೆ ಬೇಕಾಗುವ ಉದ್ದ ಕತ್ತಿನ, ದುಂಡು ಹೊಟ್ಟೆಯ ಫ್ಲಾಸ್ಕುಗಳನ್ನು ಅಲ್ಲಿ ಇನ್ನೂ ಬಾಯಿಯಿಂದಲೇ ಊದಿ ಮಾಡುತ್ತಿದ್ದರು. ಕಬ್ಬಿಣದ ಕೊಳವೆಯ ತುದಿಗೆ ಪಾಕದಂಥ ಗಾಜನ್ನು ಸುತ್ತಿಕೊಂಡು, ತಿರುಗಿಸುತ್ತ, ಊದುತ್ತ, ಮತ್ತೆ ತಿರುಗಿಸುತ್ತ ಒಬ್ಬೊಬ್ಬರು ದಿನಕ್ಕೆ ಇಪ್ಪತ್ತು ಫ್ಲಾಸ್ಕು ಮುಗಿಸಬೇಕು. ಸಂಜೆ ಅವನ್ನೆಲ್ಲ ತಣಿಸುವ ಗೂಡಿನಲ್ಲಿ ಅವರವರ ಅರೆಯಲ್ಲಿ ಜೋಡಿಸಿ ಬಾಗಿಲು ಹಾಕುತ್ತಿದ್ದರು. ಬಿಸಿ ಗಾಜು ಥಟ್ಟನೆ ತಣ್ಣಗಾದರೆ ಸೀಳುತ್ತದೆ. ಅದಕ್ಕಾಗಿ ಗೂಡು ರಾತ್ರಿಯಿಡೀ ನಿಧಾನವಾಗಿ ಆರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದು, ಯಾರ ಅರೆಯಲ್ಲಿ ಎಷ್ಟು ಉಳಿದಿವೆ, ಎಷ್ಟು ಬಿರುಕು ಬಿಟ್ಟಿವೆ ಎಂದು ಎಲ್ಲರ ಎದುರಿಗೇ ಎಣಿಸುವುದು ಅಲ್ಲಿನ ಪದ್ಧತಿ.

ಎಂಥ ಪಳಗಿದ ಕೈಯಾದರೂ ಇಪ್ಪತ್ತಕ್ಕೆ ಇಪ್ಪತ್ತೂ ಉಳಿಯುವುದಿಲ್ಲ. ಕರಗದೆ ಉಳಿದ ಒಂದು ಮರಳಿನ ಹರಳು, ಯಾರೋ ಬಾಗಿಲು ತೆಗೆದಾಗ ನುಗ್ಗಿದ ಗಾಳಿ, ಗೂಡಿನ ಯಾವುದೋ ಮೂಲೆಯಲ್ಲಿ ಒಂದಿಷ್ಟು ಹೆಚ್ಚು ಶಾಖ, ಹೀಗೆ ನೂರೆಂಟು ಕಾರಣ. ಯಾವುದೂ ಯಾರ ಹಿಡಿತದಲ್ಲೂ ಇಲ್ಲ. ಹದಿನಾಲ್ಕೋ ಹದಿನೈದೋ ಉಳಿದರೆ ದಿನ ಚೆನ್ನಾಗಿತ್ತು ಎನ್ನುತ್ತಿದ್ದರು.

ಎಣಿಕೆ ಮುಗಿದ ಮೇಲೆ ಮೇಸ್ತ್ರಿಯ ಪಾಳಿ. ಒಂಬತ್ತೋ ಹತ್ತೋ ಉಳಿಸಿದವನ ಮುಂದೆ ನಿಂತು ಬಾಯಿ ತೆರೆದನೆಂದರೆ ಆ ಮನುಷ್ಯನ ಕೈ, ಕಣ್ಣು, ಉಸಿರು, ಬೆಳಿಗ್ಗೆ ಎದ್ದ ಹೊತ್ತು ಯಾವುದನ್ನೂ ಬಿಡದೆ ಝಾಡಿಸುತ್ತಿದ್ದ. ಹದಿನೆಂಟೋ ಹತ್ತೊಂಬತ್ತೋ ಉಳಿಸಿದವನ ಮುಂದೆ ಮಾತ್ರ ತುಟಿ ಪಿಟಕ್ಕೆನ್ನದೆ ದಾಟಿ ಹೋಗುತ್ತಿದ್ದ. ಇದನ್ನು ಜಿಪುಣತನ ಅಂದುಕೊಂಡವರೇ ಹೆಚ್ಚು. ಆದರೆ ಮೇಸ್ತ್ರಿ ಇದನ್ನು ಅನುಭವದಿಂದ ಕಲಿತಿದ್ದ. ಹತ್ತಕ್ಕೆ ಇಳಿದವನನ್ನು ಬೈದರೆ ಮರುದಿನ ಹದಿನಾಲ್ಕಕ್ಕೆ ಏರುತ್ತಾನೆ, ಹತ್ತೊಂಬತ್ತಕ್ಕೆ ಏರಿದವನನ್ನು ಹೊಗಳಿದರೆ ಮರುದಿನ ಹದಿಮೂರಕ್ಕೆ ಬೀಳುತ್ತಾನೆ. ಒಂದು ಸಲವಲ್ಲ ಎರಡು ಸಲವಲ್ಲ, ವರ್ಷಗಟ್ಟಲೆ ಕಣ್ಣಾರೆ ಕಂಡ ಸಂಗತಿ. ಹೊಸದಾಗಿ ಮೇಸ್ತ್ರಿಯಾದಾಗ ಅವನೂ ಬಾಯ್ತುಂಬ ಹೊಗಳುತ್ತಿದ್ದವನೇ. ಹೊಗಳಿದ್ದೆಲ್ಲ ಮರುದಿನವೇ ಮಣ್ಣುಪಾಲಾಗುವುದನ್ನು ನೋಡಿ ನೋಡಿ ಬಿಟ್ಟುಬಿಟ್ಟ.

ಇದರ ಹಿಂದೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವನು ಹೆಂಡತಿಯ ಹತ್ತಿರವೂ ಹೇಳಿಕೊಂಡಿರಲಿಲ್ಲ. ಅವನ ತಮ್ಮನೂ ಮೊದಲು ಅದೇ ಕಾರ್ಖಾನೆಯಲ್ಲಿ ಊದುತ್ತಿದ್ದ, ಅದೂ ಎಲ್ಲರೂ ಕೆಲಸ ನಿಲ್ಲಿಸಿ ನೋಡುವ ಹಾಗೆ. ಒಂದು ದಿನ ತಮ್ಮ ಊದಿದ ಫ್ಲಾಸ್ಕನ್ನು ಮೇಸ್ತ್ರಿ ಬೆಳಕಿಗೆ ಹಿಡಿದು ನೋಡಿ, ಇನ್ನು ನಿನಗೆ ಕಲಿಸೋದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ ಕಣೋ ಎಂದುಬಿಟ್ಟಿದ್ದ. ಮರುದಿನ ತಮ್ಮನ ಕೈಯಲ್ಲೇ ಒಂದು ಫ್ಲಾಸ್ಕು ಸಿಡಿದು ಬಲಗೈಯ ಎರಡು ಬೆರಳಿನ ನರ ತುಂಡಾಯಿತು. ಆ ಬೆರಳು ಮತ್ತೆ ಮಡಚಲಿಲ್ಲ. ತಮ್ಮ ಕೊಳವೆ ಬಿಟ್ಟು ಪ್ಯಾಕಿಂಗ್ ಕೋಣೆ ಸೇರಿದ. ಫ್ಲಾಸ್ಕುಗಳಿಗೆ ಒಣಹುಲ್ಲು ಸುತ್ತುತ್ತ, ಕಂಡಕಂಡವರನ್ನು ಚುಡಾಯಿಸುತ್ತ, ಊಟದ ಬಿಡುವಿನಲ್ಲಿ ದಾಳ ಉರುಳಿಸಿ ಸೋಲುತ್ತ ಹಾಯಾಗಿಯೇ ಇದ್ದ. ಹಾಯಾಗಿ ಇಲ್ಲದವನು ಅಣ್ಣ. ತನ್ನದು ಕರಿನಾಲಿಗೆ, ತಾನು ಒಳ್ಳೆಯದು ಎಂದದ್ದು ಕೆಡುತ್ತದೆ ಎಂದು ಅವನು ಅಂದೇ ತೀರ್ಮಾನಿಸಿದ. ಅಲ್ಲಿಂದಾಚೆಗೆ ಒಳ್ಳೆಯ ಮಾತು ಬಾಯಿಗೆ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಇಂಥವನ ಕೈಕೆಳಗೆ ಅವನ ಒಬ್ಬಳೇ ಮಗಳು ಬಂದು ಕೂತಳು. ಬೇಡ ಅಂದರೂ ಕೇಳಲಿಲ್ಲ. ಹಟದಲ್ಲಿ ಅಪ್ಪನ ಮಗಳೇ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳ ಫ್ಲಾಸ್ಕಿನ ಗೋಡೆ ಎಲ್ಲಿ ಮುಟ್ಟಿದರೂ ಒಂದೇ ದಪ್ಪ, ಕತ್ತು ಎಲ್ಲಿ ನೋಡಿದರೂ ಒಂದೇ ನೇರ. ಎದುರು ಬೆಂಚಿನಲ್ಲಿ ಕೂತು ಅವಳು ಕೊಳವೆ ತಿರುಗಿಸುವುದನ್ನು ಮೇಸ್ತ್ರಿ ಕದ್ದು ನೋಡುತ್ತಿದ್ದ. ನೋಡಿದಾಗಲೆಲ್ಲ ಎದೆ ಉಬ್ಬುತ್ತಿತ್ತು, ಮರುಕ್ಷಣ ಅವಳ ಬೆರಳುಗಳ ಮೇಲೆ ಕಣ್ಣು ಬಿದ್ದು ಧಸಕ್ಕೆನ್ನುತ್ತಿತ್ತು. ಬೆಳಿಗ್ಗೆ ಅವಳ ಅರೆಯ ಮುಂದೆ ನಿಂತಾಗ ಹೂಂ ಎನ್ನುವುದನ್ನು ಬಿಟ್ಟರೆ ಇನ್ನೊಂದು ಮಾತಿಲ್ಲ. ಕೆಟ್ಟ ದಿನದ ಬೈಗುಳದಲ್ಲಿ ಮಾತ್ರ ಅವಳಿಗೆ ಒಂದು ತುತ್ತೂ ಕಡಿಮೆ ಮಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ವಿಷಯ ತಿಳಿಸಿದಳು. ಬೇರೆ ಊರಿನ ಒಂದು ಗಾಜಿನ ಕಾರ್ಖಾನೆಯವರು ಮಗಳನ್ನು ಕರೆದಿದ್ದಾರೆ, ಮುಂದಿನ ತಿಂಗಳ ಕೊನೆಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳಬೇಕಂತೆ, ಹೋಗುವುದೆಂದೇ ಅವಳ ಮನಸ್ಸು. ಏನು ಕಡಿಮೆಯಾಗಿದೆ ಇಲ್ಲಿ ಎಂದು ಮೇಸ್ತ್ರಿ ಗುಡುಗಿದ. ಹೆಂಡತಿ ಮಗಳ ಮಾತನ್ನು ಹಾಗೆಯೇ ಒಪ್ಪಿಸಿದಳು.

"ನನ್ನ ಕೆಲಸ ಚೆನ್ನಾಗಿದೆಯೋ ಇಲ್ವೋ ಅಪ್ಪಂಗೆ ಗೊತ್ತು, ಆದ್ರೆ ಅಪ್ಪ ಹೇಳಲ್ಲ. ಹೇಳೋರು ಇರೋ ಕಡೆ ಹೋಗ್ತೀನಿ, ಅಂದ್ಲು. ಒಂದು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗತ್ತೆ?"

ಮೇಸ್ತ್ರಿ ತಟ್ಟೆಯ ಮುಂದೆ ಹೋಗಿ ಕೂತ. ತನ್ನ ಗಂಟು ಹೋಗುವುದಾಗಿದ್ದರೆ ಅವನು ಆಗಲೇ ಆಡಿರುತ್ತಿದ್ದ. ಹೋಗುವುದು ಮಗಳ ಬೆರಳು ಎಂಬ ಭಯಕ್ಕೆ ಅವನ ಹತ್ತಿರ ಮದ್ದಿರಲಿಲ್ಲ. ಆಡಿದರೆ ಮಗಳ ಕೈ ಹೋಗುತ್ತದೆ, ಆಡದಿದ್ದರೆ ಮಗಳೇ ಹೋಗುತ್ತಾಳೆ. ಅಂದು ಊಟ ಅವನ ಗಂಟಲಲ್ಲಿ ಇಳಿಯಲಿಲ್ಲ.

ಗಂಟಲಲ್ಲಿ ಇಳಿಯದ್ದಕ್ಕೆ ಬೇರೆ ಕಾರಣವೂ ಇತ್ತು ಎಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ಅವನ ದನಿ ಒಡೆದು, ಕೊರಕೊರ ಎಂದು, ಕೊನೆಗೆ ಬೈಗುಳದ ಅರ್ಧದಲ್ಲೇ ನಿಂತುಹೋಗತೊಡಗಿತು. ಗಂಟಲಿನ ಡಾಕ್ಟರಮ್ಮ ಒಂದು ಸಣ್ಣ ಕನ್ನಡಿಯನ್ನು ಬಾಯೊಳಗೆ ಇಳಿಸಿ ನೋಡಿ, ದನಿಯ ಎಳೆಯ ಮೇಲೆ ಗಂಟು ಎದ್ದಿದೆ, ಕೂಗಿ ಕೂಗಿ ಆಗುವಂಥದ್ದು ಎಂದರು. ಗಂಟು ತೆಗೆದರು. ತೆಗೆದ ಮೇಲೆ ಒಂದು ತಿಂಗಳು ಮಾತಾಡಕೂಡದು, ಪಿಸುಮಾತೂ ಕೂಡದು, ಆಡಿದರೆ ಮತ್ತೆ ಕತ್ತರಿ ಹಿಡಿಯಬೇಕಾಗುತ್ತದೆ ಎಂದು ಕಡ್ಡಿ ಮುರಿದಂತೆ ಹೇಳಿದರು. ಹೆಂಡತಿ ಅಂಗಡಿಯಿಂದ ಒಂದು ಸ್ಲೇಟು, ಒಂದು ಬಳಪದ ಪೆಟ್ಟಿಗೆ ತಂದುಕೊಟ್ಟಳು. ಮಗಳಿಗೆ ಹೇಳಬೇಕಾದ ಮಾತನ್ನು ಇದರ ಮೇಲಾದರೂ ಬರೆಯಿರಿ ಎಂದಳು. ಅವನು ಗೋಣು ಅಡ್ಡ ಹಾಕಿದ. ಬರೆದ ಮಾತೂ ತಾಗಿದರೆ ಯಾರು ಗತಿ?

ಮೇಸ್ತ್ರಿ ಕೊರಳಿಗೆ ಸ್ಲೇಟು ನೇತುಹಾಕಿಕೊಂಡು ಕಾರ್ಖಾನೆಗೆ ಬಂದ ದಿನ ಕೆಲಸಗಾರರೆಲ್ಲ ಮರುಕದ ಮುಖ ಮಾಡಿದರು. ಆ ಮುಖ ಮಾಡಲು ಅವರು ಪಟ್ಟ ಪಾಡು ನೋಡುವ ಹಾಗಿತ್ತು. ಮೇಸ್ತ್ರಿಗೆ ಅದೆಲ್ಲ ಅರ್ಥವಾಗದೆ ಇರಲಿಲ್ಲ. ಕುಣಿಯಲಿ, ಇನ್ನು ಒಂದು ವಾರದಲ್ಲಿ ಗೂಡು ತೆಗೆದರೆ ಬರೀ ಚೂರು ಸಿಗುತ್ತದೆ, ಆಗ ನನ್ನ ಬಾಯಿಯ ಬೆಲೆ ತಿಳಿಯುತ್ತದೆ ಎಂದುಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಮೂರನೆಯ ಬೆಳಿಗ್ಗೆಯೇ ಸಂದರ್ಭ ಬಂತು. ಬೆಕ್ಕುಕಣ್ಣ ಎಂದು ಎಲ್ಲರೂ ಕರೆಯುವ ಒಬ್ಬ ಕೆಲಸಗಾರನಿದ್ದ, ಮೇಸ್ತ್ರಿಯ ಬೈಗುಳದ ದೊಡ್ಡ ಗಿರಾಕಿ. ಅವನ ಅರೆಯಲ್ಲಿ ಉಳಿದದ್ದು ಒಂಬತ್ತು. ಮೇಸ್ತ್ರಿಯ ಬಾಯಿ ತಾನಾಗಿ ತೆರೆಯಿತು, ಡಾಕ್ಟರಮ್ಮನ ನೆನಪಾಗಿ ಮುಚ್ಚಿತು. ಸ್ಲೇಟು ಕೈಗೆತ್ತಿಕೊಂಡ, ಹೇಳಬೇಕಾದದ್ದಕ್ಕೆ ಅದು ತೀರ ಚಿಕ್ಕದು. ಬೆಕ್ಕುಕಣ್ಣ ಬದುಕಿದೆಯಾ ಬಡಜೀವವೇ ಎಂದು ಜಾಗ ಖಾಲಿ ಮಾಡಿದ. ಮರುದಿನ ಅವನ ಅರೆಯಲ್ಲಿ ಹದಿನಾಲ್ಕು ಉಳಿದಿದ್ದವು. ಯಾರೂ ಬೈದಿಲ್ಲ, ಯಾರೂ ತಿದ್ದಿಲ್ಲ, ಆದರೂ ಹದಿನಾಲ್ಕು. ಮನೆಯಲ್ಲಿ ಅವನ ಹೆಂಡತಿ ಬೈದಿರಬೇಕು ಎಂದು ಮೇಸ್ತ್ರಿ ಸಮಾಧಾನ ಮಾಡಿಕೊಂಡ.

ಆಮೇಲೊಂದು ದಿನ ಮಗಳ ಅರೆಯಲ್ಲಿ ಹದಿನೆಂಟು. ಅವನಂತೂ ಮಾತಾಡುವ ಹಾಗೇ ಇರಲಿಲ್ಲ. ಮರುದಿನ ಅವಳದು ಹದಿಮೂರಕ್ಕೆ ಇಳಿದಾಗ ಅವನಿಗೆ ತಲೆ ಗಿರ್ರೆಂದಿತು. ಮನಸ್ಸಿನಲ್ಲೇ ಶಹಬ್ಬಾಸ್ ಅಂದದ್ದೂ ತಾಗಿತೇ ಎಂದು ಹೆದರಿ, ಮುಂದೆ ಅವಳ ಅರೆಯ ಹತ್ತಿರ ನಿಂತಾಗಲೆಲ್ಲ ಬೇಕೆಂದೇ ಬೇರೆ ಏನನ್ನಾದರೂ ಯೋಚಿಸತೊಡಗಿದ. ಸೋರುವ ನಲ್ಲಿ, ಹರಿದ ಚಪ್ಪಲಿ, ಹೀಗೆ. ಆದರೂ ಹೆಚ್ಚು ಉಳಿದ ಮರುದಿನ ಇಳಿಯುತ್ತಿತ್ತು, ಕಡಿಮೆ ಉಳಿದ ಮರುದಿನ ಏರುತ್ತಿತ್ತು. ಅವಳದಷ್ಟೇ ಅಲ್ಲ, ಎಂಟೂ ಬೆಂಚಿನವರದು. ಬಾಯಿ ಬಂದ್ ಆಗಿ ಎರಡು ವಾರ ಕಳೆದರೂ ಕಾರ್ಖಾನೆ ಹಾಳಾಗಲಿಲ್ಲ, ಉದ್ಧಾರವೂ ಆಗಲಿಲ್ಲ, ಹೇಗಿತ್ತೋ ಹಾಗೆಯೇ ಇತ್ತು. ಮೇಸ್ತ್ರಿಗೆ ಇದು ಬಿಡಿಸಲಾರದ ಕಗ್ಗಂಟಾಯಿತು.

ಮಾತಿಲ್ಲದ ಮನೆಯಲ್ಲಿ ಸಂಜೆ ಕಳೆಯುವುದು ಹೆಂಡತಿಗೂ ಕಷ್ಟವಾಗಿತ್ತು. ಒಂದು ರಜೆಯ ದಿನ ತಮ್ಮ ಬಂದಾಗ, ಹೇಗೂ ನಿಮ್ಮ ಜೇಬಲ್ಲಿ ದಾಳ ಇದ್ದೇ ಇರತ್ತೆ, ಹಾಕಿ ಎಂದು ಅವಳೇ ಕೂರಿಸಿದಳು. ಆಟ ಸುಲಭದ್ದು. ಎರಡು ದಾಳ ಒಟ್ಟಿಗೆ ಉರುಳಿಸುವುದು, ಎರಡರ ಮೇಲಿನ ಚುಕ್ಕಿ ಕೂಡಿಸುವುದು, ಕೊನೆಗೆ ಯಾರದು ಹೆಚ್ಚೋ ಅವರು ಗೆದ್ದರು. ಮಗಳು ಒಳಗಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇವರು ಮೂವರು ಊಟದ ಮೇಜಿನ ಮೇಲಿನ ತಟ್ಟೆಗಳನ್ನು ಸರಿಸಿ ಕೂತರು.

ಮೇಸ್ತ್ರಿಗೆ ಮೊದಲು ಬಿದ್ದದ್ದು ಮೂರು. ಅಭ್ಯಾಸಬಲ, ದಾಳವನ್ನು ಹುಬ್ಬು ಗಂಟಿಕ್ಕಿ ಗುರಾಯಿಸಿದ. ಮುಂದಿನ ಸಲ ಎಂಟು ಬಿತ್ತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಇನ್ನೊಂದು ಸುತ್ತಿನಲ್ಲಿ ಹನ್ನೆರಡು ಬಿದ್ದಾಗ ಖುಷಿಯಿಂದ ದಾಳದ ಬೆನ್ನು ಸವರಿದ, ಮರುಸಲ ಐದು ಬಿದ್ದು ಮುಖ ಇಳಿಯಿತು. ಎರಡು ಬಿದ್ದಾಗ ದಾಳಕ್ಕೆ ಬೆರಳು ತೋರಿಸಿ ಬೆದರಿಸಿದ, ಏಳು ಬಿತ್ತು. ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. ಅದಕ್ಕೂ ಬೈತಿದ್ದೀರಲ್ಲ, ಪಾಪ ಎಂದಳು. ತಮ್ಮ ನಗು ತಡೆದುಕೊಂಡು ದಾಳ ಎತ್ತಿಕೊಂಡ.

"ಅಣ್ಣ, ಹನ್ನೆರಡು ಬಿದ್ದಮೇಲೆ ಅದು ಇನ್ನೆಲ್ಲಿಗೆ ಏರಬೇಕು ಹೇಳು. ಎರಡು ಬಿದ್ದಮೇಲೆ ಇನ್ನೆಲ್ಲಿಗೆ ಇಳೀಬೇಕು? ಹನ್ನೆರಡು ಬೀಳೋಕೆ ಎರಡರಲ್ಲೂ ಆರೇ ಬೀಳಬೇಕು, ಅದೊಂದೇ ದಾರಿ. ಏಳು ಬೀಳೋಕೆ ಎಷ್ಟೊಂದು ದಾರಿ ಇದೆ. ಅದಕ್ಕೇ ಅದು ತಿರುಗಿ ತಿರುಗಿ ನಡುವಿಗೇ ಬರತ್ತೆ. ನೀನು ಗುರಾಯಿಸಿದ್ರೂ ಅಷ್ಟೇ, ಮುದ್ದು ಮಾಡಿದ್ರೂ ಅಷ್ಟೇ. ಇಷ್ಟು ವರ್ಷ ಸೋತಿದ್ದೀನಿ, ಇಷ್ಟಾದ್ರೂ ಗೊತ್ತಾಗಿರಲ್ವಾ."

ಮೇಸ್ತ್ರಿ ನಂಬಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಕೂತು, ನೀವೇ ಹಾಕಿ, ಏನು ಬಿತ್ತು ಎಂದು ಕೂಗಿ ಎಂದು ಸನ್ನೆ ಮಾಡಿದ. ತಮ್ಮ ಹಾಕುತ್ತ ಹೋದ, ಹೆಂಡತಿ ಕೂಗುತ್ತ ಹೋದಳು. ಹನ್ನೊಂದರ ಹಿಂದೆ ಆರು, ಮೂರರ ಹಿಂದೆ ಒಂಬತ್ತು. ಎಲ್ಲೋ ಒಮ್ಮೆ ಹತ್ತರ ಹಿಂದೆ ಹನ್ನೊಂದು ಬಿದ್ದರೂ ಅದರ ಹಿಂದೆ ಏಳು. ಗೋಡೆಯ ಮೇಲೆ ಬಣ್ಣ ಎದ್ದಿದ್ದ ಜಾಗವನ್ನೇ ನೋಡುತ್ತ ಕೂತಿದ್ದ ಮೇಸ್ತ್ರಿಗೆ ತಣಿಸುವ ಗೂಡಿನ ಬಾಗಿಲು ಕಣ್ಣಮುಂದೆ ಬಂತು. ತಿರುಗಿ, ಸ್ಲೇಟಿನ ಮೇಲೆ ಫ್ಲಾಸ್ಕೂ ಹೀಗೇನಾ ಎಂದು ಬರೆದು ಹಿಡಿದ.

 ಪೂರ್ತಿ ಹೀಗಲ್ಲ ಎಂದ ತಮ್ಮ. ದಾಳಕ್ಕೆ ಕೈಚಳಕವಿಲ್ಲ, ಫ್ಲಾಸ್ಕಿಗಿದೆ. ಬೆಕ್ಕುಕಣ್ಣನ ಕೈ ಸಾಮಾನ್ಯವಾಗಿ ಹದಿಮೂರು ಉಳಿಸುವ ಕೈ, ನಿನ್ನ ಮಗಳದು ಹದಿನಾರು ಉಳಿಸುವ ಕೈ, ಅದು ಅವರವರು ಕಲಿತದ್ದು, ಅವರವರ ಸ್ವಂತದ್ದು. ಅದರಿಂದ ಮೇಲಕ್ಕೋ ಕೆಳಕ್ಕೋ ಹೋಗುವುದೆಲ್ಲ ಹರಳು, ಗಾಳಿ, ಗೂಡಿನ ಮೂಲೆ, ಅಂದರೆ ದಾಳ. ಒಂದು ದಿನ ದಾಳ ಚೆನ್ನಾಗಿ ಬಿದ್ದರೆ ಮರುದಿನ ಅವರವರ ಜಾಗಕ್ಕೆ ವಾಪಸ್ ಬರುತ್ತಾರೆ, ಕೆಟ್ಟದಾಗಿ ಬಿದ್ದರೂ ವಾಪಸ್ ಬರುತ್ತಾರೆ. ಅಷ್ಟರಲ್ಲಿ ನೀನು ನಡುವೆ ನಿಂತು ಬೈದಿರುತ್ತೀಯಲ್ಲ, ಏರಿದ್ದು ನಿನ್ನ ಬೈಗುಳದಿಂದ ಅಂತ ಕಾಣುತ್ತದೆ ಎಂದ.

ಮೇಸ್ತ್ರಿಯ ಮುಖ ಸಪ್ಪಗಾಯಿತು. ಅಂದರೆ ಇಷ್ಟು ಕಾಲ ಅವನು ಬೈದದ್ದೆಲ್ಲ ದಾಳಕ್ಕೆ ಬೈದ ಹಾಗೆ. ಎಂಥೆಂಥ ಬೈಗುಳ, ಎಷ್ಟು ಶ್ರದ್ಧೆಯಿಂದ ಕಟ್ಟಿದವು, ಎಲ್ಲ ನೀರಿನಲ್ಲಿ ಹೋಮ. ಅದರಿಂದ ಆದ ಒಂದೇ ಒಂದು ಲಾಭವೆಂದರೆ ಗಂಟಲಿನ ಗಂಟು. ಅವಮಾನದಿಂದ ಕಿವಿ ಬಿಸಿಯಾಗಿ ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ. ಹಾಗೆ ಕೂತಿರುವಾಗಲೇ ಇನ್ನೊಂದು ಯೋಚನೆ ಹೊಳೆದು ಉಗುರು ನಿಂತಿತು. ಬೈದದ್ದರಿಂದ ಏರಲಿಲ್ಲ ಎಂದಾದರೆ, ಹೊಗಳಿದ್ದರಿಂದ ಬೀಳಲೂ ಇಲ್ಲ.

ಅವನು ಸ್ಲೇಟು ಎಳೆದುಕೊಂಡ. ಬಳಪ ಎರಡು ಸಲ ಮುರಿಯಿತು. ಹಾಗಾದರೆ ನಿನ್ನ ಬೆರಳು ಎಂದು ಬರೆದು ತಮ್ಮನ ಮುಂದೆ ದೂಡಿದ. ತಮ್ಮನಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಅಂಗೈಯಲ್ಲಿ ಒರೆಸಿ ಮತ್ತೆ ಬರೆದ, ಹಿಂದಿನ ದಿನ ನಾನು ಹೊಗಳಿದ್ದೆ ಎಂದು. ತಮ್ಮ ಓದಿದ. ಓದಿದವನ ಮುಖದಿಂದ ತಮಾಷೆಯೆಲ್ಲ ಇಳಿದುಹೋಯಿತು. ಹೆಂಡತಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನ ಹೊಟ್ಟೆಯಲ್ಲಿ ಇಂಥದ್ದೊಂದು ಇತ್ತೆಂದು ಅವಳಿಗೆ ಅಂದೇ ತಿಳಿದದ್ದು.

ತಮ್ಮ ಬೈಯಲಿಲ್ಲ, ನಗಲೂ ಇಲ್ಲ. ಆ ಕಾರ್ಖಾನೆಯಲ್ಲಿ ಗಾಯವಾಗದ ಒಂದು ಕೈ ತೋರಿಸು ಎಂದ. ಬೆಕ್ಕುಕಣ್ಣನ ಪಕ್ಕದ ಬೆಂಚಿನ ಬೋಳುತಲೆಯವನ ಪಾದದ ಮೇಲೆ ಬಿಸಿ ಗಾಜು ಬಿದ್ದಾಗ ಹಿಂದಿನ ದಿನ ಅವನಿಗೆ ನಿನ್ನಿಂದ ಸಿಕ್ಕಿದ್ದು ಬೈಗುಳ, ಅದನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಕೇಳಿದ. ಮುಂಚೆ ನಮ್ಮ ಜೊತೆ ಊದುತ್ತಿದ್ದ ಮುದುಕನ ಮಣಿಕಟ್ಟು ಕೊಯ್ದಾಗ ಅವನಿಗೆ ಯಾರೂ ಏನೂ ಅಂದಿರಲಿಲ್ಲ, ಅದನ್ನೂ ಹಿಡಿಯಲಿಲ್ಲ. ನೀನು ಹೊಗಳಿದವರಲ್ಲಿ ಎಷ್ಟೋ ಜನಕ್ಕೆ ಮರುದಿನ ಏನೂ ಆಗಿಲ್ಲ, ಅವರನ್ನೆಲ್ಲ ಬಿಟ್ಟು ನನ್ನೊಬ್ಬನನ್ನೇ ಹಿಡಿದುಕೊಂಡು ಕೂತಿದ್ದೀಯ ಎಂದ. ಆಮೇಲೆ ಮಡಚದ ಆ ಎರಡು ಬೆರಳಿರುವ ಕೈಯನ್ನು ಅಣ್ಣನ ಕೈಮೇಲೆ ಇಟ್ಟ.

"ಬೆರಳು ಹೋಗಿದ್ದು ಗಾಜಿಂದ ಅಣ್ಣ. ನೀನು ಆಡಿದ ಮಾತು ಮಾತ್ರ ನನ್ನ ಹತ್ರ ಉಳಿದಿದೆ. ಪ್ಯಾಕಿಂಗ್ ರೂಮಲ್ಲಿ ಕೂತು ಹುಲ್ಲು ಸುತ್ತೋವಾಗ ಎಷ್ಟೋ ಸಲ ಅಂದ್ಕೋತೀನಿ, ನನಗೆ ಕಲಿಸೋಕೆ ಏನೂ ಉಳಿದಿಲ್ಲ ಅಂತ ಹೇಳಿದ್ದು ಬೇರೆ ಯಾರೋ ಅಲ್ಲ, ಕುಲುಮೆಬಾಯಿ ಅಂತ. ಅದೊಂದನ್ನ ವಾಪಸ್ ತಗೋಬೇಡ."

ಮೇಸ್ತ್ರಿ ಅತ್ತ. ಸದ್ದು ಮಾಡಕೂಡದೆಂದು ಡಾಕ್ಟರಮ್ಮನ ಅಪ್ಪಣೆ ಇದ್ದುದರಿಂದ ಸದ್ದಿಲ್ಲದೆ, ಭುಜ ಕುಣಿಸಿಕೊಂಡು ಅತ್ತ. ಎದೆಯ ಮೇಲೆ ಯಾರೋ ಇಟ್ಟುಹೋಗಿದ್ದ ಬಂಡೆ ತಾನಾಗಿ ಉರುಳಿಹೋದ ಹಾಗಿತ್ತು. ಎಷ್ಟು ಹಗುರವಾಯಿತೆಂದರೆ ಅವನಿಗೆ ಹಸಿವಾಯಿತು. ಹೆಂಡತಿ ತಟ್ಟೆ ತಂದಿಟ್ಟಳು, ಅವನು ಎರಡು ಸಲ ಬಡಿಸಿಕೊಂಡು ತಿಂದ.

ಆದರೆ ತಲೆ ಒಪ್ಪಿದಷ್ಟು ಬೇಗ ನಾಲಿಗೆ ಒಪ್ಪಬೇಕಲ್ಲ. ಸ್ಲೇಟಿನ ಮೇಲೆ ಮಗಳಿಗೆ ಏನಾದರೂ ಬರೆಯೋಣವೆಂದು ಎಷ್ಟೋ ಸಲ ಕೂತ, ಒಂದೆರಡು ಅಕ್ಷರ ಬರೆದು ಒರೆಸಿದ. ಇಂಥ ಮಾತನ್ನು ಬಾಯಿಯಿಂದಲೇ ಆಡಬೇಕು ಎಂದು ನೆಪ ಹುಡುಕಿಕೊಂಡ. ಹೀಗೆ ತಿಂಗಳು ಮುಗಿಯಿತು. ಡಾಕ್ಟರಮ್ಮ ಮತ್ತೆ ಕನ್ನಡಿ ಇಳಿಸಿ ನೋಡಿ, ಇನ್ನು ಮೆಲ್ಲಗೆ ಮಾತಾಡಬಹುದು, ಕೂಗುವುದು ಮಾತ್ರ ಜನ್ಮದಲ್ಲಿ ಬೇಡ ಎಂದರು. ಮಗಳು ಆ ಊರಿನವರಿಗೆ ಉತ್ತರ ಕೊಡಬೇಕಾದ ಗಡುವಿಗೆ ಎರಡೇ ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಗೂಡು ತೆಗೆದಾಗ ಮಗಳ ಅರೆಯಲ್ಲಿ ಹತ್ತೊಂಬತ್ತು ಉಳಿದಿದ್ದವು.  ಇದಕ್ಕಿಂತ ಕಡಿಮೆ ಇದ್ದಿದ್ದರೆ ಮೇಸ್ತ್ರಿಗೆ ಮಾತು ಸುಲಭವಾಗುತ್ತಿತ್ತು. ಹತ್ತೊಂಬತ್ತು ಅಂದರೆ ನಾಳೆ ಇಳಿಯುವುದು ಹೆಚ್ಚುಕಡಿಮೆ ಖಂಡಿತ. ಹೊಗಳಿದ, ಇಳಿಯಿತು, ಮತ್ತೆ ಅದೇ ಕಥೆ. ಅದು ಗೊತ್ತಿದ್ದೂ ಅವನು ಒಂದು ಫ್ಲಾಸ್ಕು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿದ. ಎಂಟು ಬೆಂಚಿನವರೂ ಕುಲುಮೆಬಾಯಿಯ ಮೊದಲ ಮಾತಿಗೆ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

"ಎಣಿಕೆ ಬಿಡು," ಎಂದ. ದನಿ ಹೊಸದು, ಮೆತ್ತಗಿತ್ತು. "ನಿನ್ನ ಹಾಗೆ ಊದೋರು ಇಲ್ಲಿ ಯಾರೂ ಇಲ್ಲ. ನಾನೂ ಇಲ್ಲ."

ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಆಮೇಲೆ ಬೆಂಚಿಗೆ ಹೋಗಿ ಕೊಳವೆ ಎತ್ತಿಕೊಂಡಳು. ಆ ಇಡೀ ದಿನ ಮೇಸ್ತ್ರಿ ಮಾಡಿದ್ದು ಒಂದೇ ಕೆಲಸ, ಅವಳ ಬೆರಳು ನೋಡುವುದು. ಕೊಳವೆ ತಿರುಗಿದಾಗ ಇವನ ಉಸಿರು ನಿಲ್ಲುತ್ತಿತ್ತು, ಫ್ಲಾಸ್ಕು ಕೆಳಗಿಟ್ಟಾಗ ಬರುತ್ತಿತ್ತು. ಸಂಜೆ ಗೂಡಿನ ಬಾಗಿಲು ಹಾಕಿದಾಗ ಅವಳ ಹತ್ತೂ ಬೆರಳು ನೆಟ್ಟಗಿದ್ದವು. ಮನೆಗೆ ಹೋಗುವ ದಾರಿಯಲ್ಲಿ ಅವನು ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡ.

ಮಗಳು ಫೋನು ಮಾಡಿ ಬರುವುದಿಲ್ಲ ಎಂದಳೇ ಎಂದು ಮನೆಯಲ್ಲಿ ಹೆಂಡತಿಯನ್ನು ಕೇಳಿದ. ಇನ್ನೂ ಇಲ್ಲ ಎಂದಳು ಹೆಂಡತಿ. ಅಪ್ಪ ಇವತ್ತು ಹತ್ತೊಂಬತ್ತು ನೋಡಿ ಅಂದದ್ದು, ನಾಳೆ ಒಡೆದರೆ ಏನು ಅನ್ನುತ್ತಾರೋ ನೋಡಿಕೊಂಡು ಹೇಳುತ್ತೇನೆ ಎಂದಿದ್ದಳಂತೆ. ಹಟದಲ್ಲಿ ಯಾರನ್ನು ಹೋಲುತ್ತಾಳೆಂದು ಮೇಸ್ತ್ರಿಗೆ ಕೇಳಬೇಕಾಗಿರಲಿಲ್ಲ.

ಮರುದಿನ ಗೂಡು ತೆಗೆದಾಗ ಅವಳ ಅರೆಯಲ್ಲಿ ಹನ್ನೊಂದು ಉಳಿದಿದ್ದವು. ಕಳೆದ ಒಂದು ವರ್ಷದಲ್ಲಿ ಅವಳದು ಅಷ್ಟು ಇಳಿದದ್ದೇ ಇರಲಿಲ್ಲ. ಬಿರುಕು ಬಿಟ್ಟ ಒಂಬತ್ತನ್ನು ಅವಳೇ ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದಳು. ಬೆಕ್ಕುಕಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ, ಬರುವುದು ಬಂದೇ ಬರುತ್ತದೆ ಎಂಬಂತೆ. ಪ್ಯಾಕಿಂಗ್ ಕೋಣೆಯ ಬಾಗಿಲಿಗೆ ತಮ್ಮ ಬಂದು ಒರಗಿದ್ದ. ಮಗಳು ಕೊನೆಯ ಚೂರನ್ನು ಹಾಕಿ, ಸೆಟೆದು ನಿಂತು, ಅಪ್ಪನ ಮುಖವನ್ನೇ ನೋಡಿದಳು.

"ಹನ್ನೊಂದು, ಅಪ್ಪ."

ಮೇಸ್ತ್ರಿಯೊಳಗೆ ಹಳೆಯ ಭಯ ಒಮ್ಮೆ ತಲೆ ಎತ್ತಿತು. ಅವನು ಅರೆಯನ್ನು ನೋಡಲಿಲ್ಲ, ಅವಳ ಕೈ ನೋಡಿದ. ಗಾಜಿನ ಪುಡಿ ಅಂಟಿದ, ಗಟ್ಟಿಮುಟ್ಟಾದ ಹತ್ತು ಬೆರಳು. ಭಯ ಹೇಗೆ ಎದ್ದಿತೋ ಹಾಗೆಯೇ ಇಳಿದುಹೋಯಿತು, ಇನ್ನು ಬರಲಾರದು ಎನ್ನುವಷ್ಟು ಪೂರ್ತಿಯಾಗಿ.

"ಎಣಿಸೋಕೆ ನಂಗೂ ಬರತ್ತೆ," ಎಂದ. "ನಿನ್ನೆ ಹೇಳಿದ್ದು ಇವತ್ತಿಗೂ ಸೇರಿಸಿಯೇ ಹೇಳಿದ್ದು."

ಮಗಳು ತುಟಿ ಕಚ್ಚಿಕೊಂಡು ನೆಲ ನೋಡಿದಳು. ಕೈಯನ್ನು ಅಂಗಿಗೆ ಒರೆಸಿಕೊಂಡು, ಒಂದು ಫೋನು ಮಾಡಬೇಕು, ಐದು ನಿಮಿಷ ಬೆಂಚು ನೋಡಿಕೊಳ್ಳಿ ಎಂದು ಅಪ್ಪನಿಗೇ ಹೇಳಿ ಹೊರಗೆ ಹೋದಳು. ಮೇಸ್ತ್ರಿ ಅವಳ ಜಾಗದಲ್ಲಿ ಕೂತು ಕೊಳವೆ ಕುಲುಮೆಗೆ ಇಟ್ಟ.